ಬರಗಾಲದ ಒರೆಗಲ್ಲಿನ ಮೇಲೆ ನೀತಿಸಿದ್ಧಾಂತಗಳು

ಒಳಿತು ಯಾವುದು, ಕೆಡುಕು ಯಾವುದು, ಒಳಿತೆಂದು ಅರಿತುದನ್ನು ಆಚರಿಸುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಅರಸಿದ ಚಿಂತಕರ ಪರಂಪರೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ದೀರ್ಘವಾದುದು. ಗುರುಮಠಗಳಲ್ಲಿಯೂ ಕಾಲೇಜುಗಳಲ್ಲಿಯೂ ಈ ಸಿದ್ಧಾಂತಗಳನ್ನು ಬೋಧಿಸುವಾಗ ಕಲ್ಪಿತ ದೃಷ್ಟಾಂತಗಳನ್ನು ಕೊಡುವುದು ವಾಡಿಕೆ. ಮುಳುಗುತ್ತಿರುವ ದೋಣಿಯಿಂದ ಯಾರನ್ನು ಇಳಿಸಬೇಕು, ತಡೆಯಿಲ್ಲದೆ ಓಡುವ ಬಂಡಿಯನ್ನು ಯಾವ ಹಳಿಗೆ ತಿರುಗಿಸಬೇಕು ಎಂದು ವಿದ್ಯಾರ್ಥಿಗಳು ಚರ್ಚಿಸುತ್ತಾರೆ. ಇಂತಹ ಕಲ್ಪನೆಗಳು ಬುದ್ಧಿಯನ್ನು ಹರಿತಗೊಳಿಸುತ್ತವೆ, ನಿಜ. ಆದರೆ ಕಲ್ಪಿತ ದೋಣಿಯಲ್ಲಿ ಕುಳಿತವರಿಗೆ ಊರಿಲ್ಲ, ಮಕ್ಕಳಿಲ್ಲ, ಹಸಿವಿಲ್ಲ.

ನಮ್ಮ ಉತ್ತರ ಕರ್ನಾಟಕದ ಚರಿತ್ರೆಯಲ್ಲಿ ಈ ಸಿದ್ಧಾಂತಗಳು ನಿಜವಾದ ಹಸಿವಿನ ಎದುರು ಪರೀಕ್ಷೆಗೆ ಒಳಗಾದ ಸಂದರ್ಭವೊಂದಿದೆ. ಅದು 1876ರಿಂದ 1878ರವರೆಗಿನ ಮಹಾ ಬರಗಾಲ. ಆ ದಿನಗಳಲ್ಲಿ ಆಳುವವರಲ್ಲಿ ಸಿದ್ಧಾಂತದ ಕೊರತೆ ಇರಲಿಲ್ಲ. ಪ್ರತಿಯೊಂದು ಆಜ್ಞೆಯ ಹಿಂದೆ ಒಂದು ವಾದವಿತ್ತು, ಪ್ರತಿಯೊಂದು ಪ್ರತಿಭಟನೆಯ ಹಿಂದೆ ಇನ್ನೊಂದು ವಾದವಿತ್ತು. ಆದುದರಿಂದ ಪ್ರಮುಖ ನೀತಿಸಿದ್ಧಾಂತಗಳ ಬಲವನ್ನೂ ದೌರ್ಬಲ್ಯವನ್ನೂ ತೂಗಿ ನೋಡಲು ಆ ಬರಗಾಲಕ್ಕಿಂತ ಸಮೀಪದ ಒರೆಗಲ್ಲು ನಮಗೆ ಸಿಗಲಾರದು.

ಎರೆಭೂಮಿಗೆ ಬಂದ ಬರ

ವಿಜಯಪುರ ನಗರದ ಆಸುಪಾಸಿನ ಅರಕೇರಿ, ತಿಕೋಟಾ, ಬಬಲೇಶ್ವರಗಳ ಸೀಮೆ ಮಳೆಯನ್ನು ನಂಬಿ ಬಾಳಿದ ಸೀಮೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ. ಮಡ್ಡಿಯ ನೆಲದಲ್ಲಿ ಸಜ್ಜೆ ಮತ್ತು ಕುರಿಗಳ ಮೇವು. ಅರಕೇರಿಯ ಅಮೋಘಸಿದ್ಧನ ಗುಡ್ಡವು ಹಾಲುಮತದ ಕುರುಬ ಸಮುದಾಯದ ಶ್ರದ್ಧಾಕೇಂದ್ರವಾಗಿರುವುದು ಈ ನೆಲದ ಬದುಕಿಗೆ ಸಹಜವಾಗಿಯೇ ಹೊಂದಿಕೊಂಡಿದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ನಾಡಮಾತು ಜಿಲ್ಲೆಯ ಹೆಮ್ಮೆಯನ್ನು ಹೇಳುವಂತೆಯೇ ಅದರ ಆತಂಕವನ್ನೂ ಹೇಳುತ್ತದೆ. ಡೋಣಿ ಹೊಳೆಯ ದಂಡೆ ಬೆಳೆಯದ ವರ್ಷ ಓಣಿಯಲ್ಲಿ ಕಾಳಿಲ್ಲ. 1791-92ರ ಬರವನ್ನು ಈ ಭಾಗದ ಜನರು ‘ಡೋಗಿ ಬರ’ ಎಂದು ನೆನಪಿಟ್ಟುಕೊಂಡರು. ಹೂಳುವವರಿಲ್ಲದೆ ಬಯಲಿನಲ್ಲಿ ಉಳಿದ ತಲೆಬುರುಡೆಗಳಿಂದ ಬಂದ ಹೆಸರು ಅದು.

1876ರಲ್ಲಿ ವಿಜಯಪುರವು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದುದು 1885ರಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟಿತು, ಹಿಂಗಾರು ಬರಲಿಲ್ಲ. ಹಗೇವುಗಳಲ್ಲಿ ಹೂತಿಟ್ಟ ಜೋಳ ತೀರಿತು ಇಲ್ಲವೆ ಮಾರಾಟವಾಯಿತು. ದನಗಳು ಸತ್ತವು. ಬರವು ಕಲಾದಗಿಯಿಂದ ಧಾರವಾಡ, ಬೆಳಗಾವಿ, ಸೊಲ್ಲಾಪುರ, ಬಳ್ಳಾರಿಗಳಿಗೂ, ಮೈಸೂರು ಹಾಗೂ ಮದರಾಸು ಸೀಮೆಗೂ ವ್ಯಾಪಿಸಿತು. ಬ್ರಿಟಿಷ್ ಆಡಳಿತದ ಭಾರತದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರು ಸತ್ತರೆಂದು ಸರಕಾರವೇ ನೇಮಿಸಿದ ಬರ ಆಯೋಗ ಒಪ್ಪಿಕೊಂಡಿತು. ನಂತರದ ಇತಿಹಾಸಕಾರರ ಅಂದಾಜುಗಳು ಇನ್ನೂ ದೊಡ್ಡವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು ಐವತ್ತು ಲಕ್ಷವಿದ್ದದ್ದು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಕಲಾದಗಿ ಜಿಲ್ಲೆಯಲ್ಲಿ 1872ರ ಗಣತಿಯಲ್ಲಿ ಎಂಟು ಲಕ್ಷ ಮೀರಿದ್ದ ಜನರು 1881ರಲ್ಲಿ ಆರೂವರೆ ಲಕ್ಷದ ಒಳಗಿದ್ದರು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಲ್ಲವಾಗಿದ್ದರು. ಸತ್ತವರು ಎಷ್ಟೋ, ಊರು ಬಿಟ್ಟು ಹೋದವರು ಎಷ್ಟೋ.

ಲೆಕ್ಕದ ನೀತಿ

ಈ ಬರವನ್ನು ಎದುರಿಸಿದ ಆಡಳಿತದ ಮನಸ್ಸನ್ನು ರೂಪಿಸಿದ್ದು ಎರಡು ಚಿಂತನೆಗಳು. ಮೊದಲನೆಯದು ಉಪಯುಕ್ತತಾವಾದ. ಜೆರೆಮಿ ಬೆಂಥಮ್ 1789ರ ತನ್ನ ಗ್ರಂಥದಲ್ಲಿ ಅದಕ್ಕೆ ವ್ಯವಸ್ಥಿತ ರೂಪ ಕೊಟ್ಟನು. ಯಾವ ಕ್ರಿಯೆಯಿಂದ ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ ದೊರೆಯುವುದೋ ಅದೇ ಸರಿಯಾದ ಕ್ರಿಯೆ ಎಂಬುದು ಇದರ ತಿರುಳು. ಈ ವಾದವನ್ನು ಬೆಳೆಸಿದ ಜೇಮ್ಸ್ ಮಿಲ್ ಮತ್ತು ಆತನ ಮಗ ಜಾನ್ ಸ್ಟುಅರ್ಟ್ ಮಿಲ್ ಇಬ್ಬರೂ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ನೌಕರರಾಗಿದ್ದರು. ಮಗನು 1823ರಿಂದ 1858ರವರೆಗೆ ಅಲ್ಲಿ ದುಡಿದನು. ಎರಡನೆಯದು ಅಂದಿನ ಅರ್ಥಶಾಸ್ತ್ರ. ಧಾನ್ಯದ ವ್ಯಾಪಾರದಲ್ಲಿ ಸರಕಾರ ಕೈಹಾಕಿದರೆ ಕೊರತೆಯು ಬರಗಾಲವಾಗಿ ಪರಿಣಮಿಸುತ್ತದೆ ಎಂದು ಆಡಂ ಸ್ಮಿತ್ 1776ರಲ್ಲಿ ವಾದಿಸಿದ್ದನು. ಜನಸಂಖ್ಯೆಯು ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂದ ಮಾಲ್ಥಸ್, ಕಂಪನಿಯ ಅಧಿಕಾರಿಗಳನ್ನು ತರಬೇತುಗೊಳಿಸುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ ತನ್ನ ಕೊನೆಯವರೆಗೂ ಪ್ರಾಧ್ಯಾಪಕನಾಗಿದ್ದನು.

ವೈಸರಾಯ್ ಲಾರ್ಡ್ ಲಿಟ್ಟನ್ ಧಾನ್ಯದ ಬೆಲೆಯಲ್ಲಿ ಸರಕಾರ ಹಸ್ತಕ್ಷೇಪ ಮಾಡಬಾರದೆಂಬ ನಿಲುವನ್ನು ಬಿಡಲಿಲ್ಲ. ದೇಶದಿಂದ ಗೋಧಿಯ ರಫ್ತು ನಿಲ್ಲಲಿಲ್ಲ. 1877ರ ಜನವರಿಯಲ್ಲಿ ಆತನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ವೆಚ್ಚ ತಗ್ಗಿಸಲೆಂದು ದಕ್ಷಿಣಕ್ಕೆ ಕಳುಹಿಸಿದನು. ಬರ ಕಾಮಗಾರಿಯಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಸಿಗೆ ದಿನವೊಂದಕ್ಕೆ ಒಂದೂವರೆ ಪೌಂಡ್ ಧಾನ್ಯ ಕೊಳ್ಳುವಷ್ಟು ಕೂಲಿ ಬೇಕೆಂಬ ಮದರಾಸಿನ ಲೆಕ್ಕವನ್ನು ಟೆಂಪಲ್ ಒಂದು ಪೌಂಡಿಗೆ ಇಳಿಸಿದನು. ಜೊತೆಗೆ ಉಪ್ಪು ಮೆಣಸಿಗೆಂದು ಚಿಲ್ಲರೆ ಕಾಸು. ಇಂದಿನ ಅಳತೆಯಲ್ಲಿ ಅದು ನಾನೂರೈವತ್ತು ಗ್ರಾಂ ಕಾಳು. ಈ ದರ ಮುಂದೆ ‘ಟೆಂಪಲ್ ಕೂಲಿ’ ಎಂದೇ ಕುಖ್ಯಾತವಾಯಿತು.

ಇಲ್ಲಿ ನಾವು ನ್ಯಾಯವಾಗಿ ಮಾತನಾಡಬೇಕು. ಉಪಯುಕ್ತತಾವಾದವನ್ನು ಒಂದೇ ಮಾತಿನಲ್ಲಿ ನಿರ್ದಯ ಸಿದ್ಧಾಂತವೆಂದು ತಳ್ಳಿಹಾಕುವಂತಿಲ್ಲ. ಅರಸನ ಸುಖಕ್ಕೂ ಕೂಲಿಯವಳ ಸುಖಕ್ಕೂ ಒಂದೇ ತೂಕವೆಂದು ಸಾರಿದ ಸಿದ್ಧಾಂತವದು. ಸದುದ್ದೇಶವಿದ್ದರೆ ಸಾಲದು, ಪರಿಣಾಮವೇನಾಯಿತು ನೋಡಿ ಎಂದು ಅದು ನಮ್ಮನ್ನು ಎಚ್ಚರಿಸುತ್ತದೆ. ಟೆಂಪಲ್ ಕೂಲಿಯನ್ನು ಮೊದಲು ಪ್ರಶ್ನಿಸಿದವರಲ್ಲಿ ಪ್ರಮುಖನಾದ ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಬಳಸಿದ ಆಯುಧವೂ ಲೆಕ್ಕವೇ. ದುಡಿಯುವ ದೇಹಕ್ಕೆ ಬೇಕಾದ ಆಹಾರವೆಷ್ಟು, ಬೇಳೆಕಾಳು ಎಷ್ಟು, ಶಿಬಿರಗಳಲ್ಲಿ ಸಾವು ಏರುತ್ತಿರುವುದು ಎಷ್ಟು ಎಂದು ಆತನು ಅಂಕಿಗಳಿಂದಲೇ ವಾದಿಸಿದನು. 1877ರ ಮೇ ತಿಂಗಳಲ್ಲಿ ಮದರಾಸು ಸರಕಾರ ಕೂಲಿಯನ್ನು ಮತ್ತೆ ಹೆಚ್ಚಿಸಬೇಕಾಯಿತು. ನಮ್ಮ ಕಾಲದಲ್ಲಿ ಪೀಟರ್ ಸಿಂಗರ್ ಎಂಬ ತತ್ತ್ವಜ್ಞಾನಿ 1971ರ ಪೂರ್ವ ಬಂಗಾಳದ ನಿರಾಶ್ರಿತರ ಸಂಕಟವನ್ನು ಕುರಿತು ಬರೆದು, ದೂರದ ಹಸಿವನ್ನು ನೀಗಿಸುವುದು ಉಳ್ಳವರ ಕಡ್ಡಾಯ ಹೊಣೆಯೆಂದು ಇದೇ ಸಿದ್ಧಾಂತದ ನೆಲೆಯಿಂದ ವಾದಿಸಿದನು.

ಹಾಗಾದರೆ ದೋಷವೆಲ್ಲಿ? ಲೆಕ್ಕ ಹಾಕುವವನು ಯಾರು, ಲೆಕ್ಕದಲ್ಲಿ ಯಾವುದನ್ನು ಸೇರಿಸುತ್ತಾನೆ ಎಂಬಲ್ಲಿ. ಖಜಾನೆಯ ನಷ್ಟ ಕಾಗದದ ಮೇಲೆ ಕಾಣುತ್ತದೆ. ಹಸಿದ ಕರುಳಿನ ನೋವು ಕಾಣುವುದಿಲ್ಲ. ಮುಂದಿನ ತಲೆಮಾರಿನ ತೆರಿಗೆದಾರನ ಹಿತ, ಸಾಮ್ರಾಜ್ಯದ ಹಿತ ಎಂಬ ದೊಡ್ಡ ಮೊತ್ತಗಳನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿದಾಗ ಇನ್ನೊಂದು ತಟ್ಟೆಯಲ್ಲಿ ಯಾರ ಜೀವವಿದ್ದರೂ ಹಗುರವಾಗುತ್ತದೆ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಪ್ರಧಾನಯಾಜಕ ಕಾಯಫನು ಮಾಡುವ ವಾದವೂ ಇದೇ ಬಗೆಯದು: ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಲೇಸು. ಲೆಕ್ಕ ತಪ್ಪೆಂದು ತೋರುವುದಿಲ್ಲ. ಆದರೆ ಆ ಒಬ್ಬನು ಯಾರೆಂಬುದನ್ನು ಬಲ್ಲ ಕ್ರೈಸ್ತ ವಿಶ್ವಾಸಿಯು ಆ ಲೆಕ್ಕವನ್ನು ಒಪ್ಪಲಾರನು.

ಘನತೆಯ ನೀತಿ

ಲೆಕ್ಕಕ್ಕೆ ಸಿಗದ ಒಂದು ವಸ್ತು ಮನುಷ್ಯನಲ್ಲಿದೆ ಎಂದವನು ಜರ್ಮನಿಯ ಇಮ್ಯಾನುಯೆಲ್ ಕಾಂಟ್. ವಸ್ತುಗಳಿಗೆ ಬೆಲೆಯಿದೆ, ಮನುಷ್ಯನಿಗಿರುವುದು ಘನತೆ. ಆದುದರಿಂದ ಯಾವ ಮನುಷ್ಯನನ್ನೂ ಕೇವಲ ಸಾಧನವಾಗಿ ಬಳಸಕೂಡದು ಎಂಬುದು ಆತನು 1785ರಲ್ಲಿ ಪ್ರಕಟಿಸಿದ ಗ್ರಂಥದ ಸಾರ. ಕ್ರಿಯೆಯ ಯೋಗ್ಯತೆ ಫಲದಲ್ಲಿಲ್ಲ, ಕರ್ತವ್ಯಪ್ರಜ್ಞೆಯಲ್ಲಿದೆ. ಎಲ್ಲರಿಗೂ ನಿಯಮವಾಗಬಲ್ಲುದನ್ನು ಮಾತ್ರ ನಾನು ಮಾಡಬೇಕು.

1877ರ ಆರಂಭದಲ್ಲಿ ಮುಂಬಯಿ ಪ್ರಾಂತದ ದಖನ್ ಭಾಗದಲ್ಲಿ ನಡೆದ ಒಂದು ಘಟನೆಯನ್ನು ಈ ಸಿದ್ಧಾಂತದ ಬೆಳಕಿನಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಕೂಲಿ ಇಳಿದಾಗ, ದೂರದ ದೊಡ್ಡ ಕಾಮಗಾರಿಗಳಿಗೆ ಹೋಗಿ ಶಿಬಿರದಲ್ಲಿಯೇ ನೆಲೆಸಬೇಕೆಂದು ವಿಧಿಸಿದಾಗ, ಸುಮಾರು ಒಂದು ಲಕ್ಷ ಬರಪೀಡಿತರು ಕೆಲಸ ಬಿಟ್ಟು ನಡೆದರು. ಹಸಿದವರು ಅನ್ನವನ್ನು ತಿರಸ್ಕರಿಸಿದರು. ಅಂದಿನ ಅಧಿಕಾರಿಗಳಲ್ಲಿ ಅನೇಕರು, ಇವರಿಗೆ ನಿಜವಾದ ಹಸಿವಿಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂದು ಬಗೆದರು. ಆದರೆ 1870ರಲ್ಲಿ ಸ್ಥಾಪನೆಯಾಗಿದ್ದ ಪುಣೆಯ ಸಾರ್ವಜನಿಕ ಸಭೆಯು ಕೂಲಿಕಾರರ ಪರವಾಗಿ ನಿಂತಿತು. ಬರದ ಜಿಲ್ಲೆಗಳ ಸ್ಥಿತಿಯನ್ನು ಬರಹಕ್ಕಿಳಿಸಿ ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿತು. ಹಸಿದವನಿಗೂ ಮಾನವಿದೆ, ಹಸಿವನ್ನು ಪ್ರತಿದಿನ ಸಾಬೀತುಪಡಿಸುವಂತೆ ಅವನನ್ನು ಒತ್ತಾಯಿಸಕೂಡದು ಎಂಬ ಅರಿವು ಆ ಮೌನ ನಡಿಗೆಯಲ್ಲಿತ್ತು. ಕಾಂಟನ ಹೆಸರನ್ನು ಕೇಳದ ರೈತರು ಕಾಂಟನ ಮಾತನ್ನು ನಡೆದು ತೋರಿಸಿದರೆಂದರೆ ತಪ್ಪಾಗಲಾರದು.

ಈ ಸಿದ್ಧಾಂತದ ಬಲ ಇಲ್ಲಿದೆ. ಬಹುಜನರ ಹಿತವೆಂಬ ಹೆಸರಿನಲ್ಲಿಯೂ ದಾಟಬಾರದ ಗೆರೆಯನ್ನು ಅದು ಎಳೆಯುತ್ತದೆ. ಆದರೆ ಗೆರೆಯ ಒಳಗೆ ಏನು ಮಾಡಬೇಕೆಂದು ಅದು ಸ್ಪಷ್ಟವಾಗಿ ಹೇಳುವುದಿಲ್ಲ. ಹತ್ತು ಸಾವಿರ ಜನರಿಗೆ ಸಾಲುವ ಜೋಳವಿದ್ದು ಇಪ್ಪತ್ತು ಸಾವಿರ ಜನರು ಬಂದರೆ ಹಂಚುವುದು ಹೇಗೆ? ಎರಡು ಕರ್ತವ್ಯಗಳು ಡಿಕ್ಕಿ ಹೊಡೆದಾಗ ಯಾವುದು ಮೇಲು? ಇನ್ನೊಂದು ಅಪಾಯವೂ ಇದೆ. ಕರ್ತವ್ಯ ಎಂಬ ಮಾತನ್ನು ಆಜ್ಞಾಪಾಲನೆ ಎಂದು ತಪ್ಪಾಗಿ ಓದುವುದು ಬಲು ಸುಲಭ. ಮೇಲಿನಿಂದ ಬಂದ ಆದೇಶದಂತೆ ಒಂದು ಪೌಂಡನ್ನು ತೂಗಿ ಕೊಟ್ಟ ಕೆಳಗಿನ ನೌಕರನೂ ತಾನು ಕರ್ತವ್ಯ ಮಾಡಿದೆನೆಂದೇ ನಂಬಿದ್ದಿರಬಹುದು. ಕಾಂಟನು ಬಯಸಿದ್ದು ಇದನ್ನಲ್ಲ. ಆದರೂ ಹೃದಯದ ಕರುಣೆಯನ್ನು ನೀತಿಯ ಅಡಿಪಾಯದಿಂದ ಹೊರಗಿಟ್ಟ ಸಿದ್ಧಾಂತಕ್ಕೆ ಈ ಅಪಾಯ ಬೆನ್ನುಬಿಡದ ನೆರಳು.

ಗುಣದ ನೀತಿ

ಏನು ಮಾಡಬೇಕು ಎಂದು ಕೇಳುವ ಮೊದಲು ನಾನು ಎಂತಹ ಮನುಷ್ಯನಾಗಬೇಕು ಎಂದು ಕೇಳಬೇಕೆನ್ನುವುದು ಮೂರನೆಯ ಪರಂಪರೆ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇದರ ಮೂಲಪುರುಷ. ಸದ್ಗುಣವು ಅಭ್ಯಾಸದಿಂದ ಮೈಗೂಡುತ್ತದೆ. ಅದು ಎರಡು ಅತಿಗಳ ನಡುವಿನ ಹದ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ಚಿಂತನೆಯನ್ನು ಕ್ರೈಸ್ತ ವಿಶ್ವಾಸದೊಡನೆ ಬೆಸೆದು, ವಿವೇಕ, ನ್ಯಾಯ, ಧೈರ್ಯ, ಸಂಯಮಗಳ ಮೇಲೆ ವಿಶ್ವಾಸ, ಭರವಸೆ, ಪ್ರೀತಿಗಳ ಕಳಶವಿಟ್ಟರು. 1958ರಲ್ಲಿ ಎಲಿಜಬೆತ್ ಆನ್ಸ್‌ಕೊಂಬ್ ಮತ್ತು 1981ರಲ್ಲಿ ಅಲಾಸ್ಡೇರ್ ಮ್ಯಾಕಿಂಟೈರ್ ಈ ಪರಂಪರೆಗೆ ಮರುಜೀವ ಕೊಟ್ಟರು. ಇಬ್ಬರೂ ಕಥೋಲಿಕ ವಿಶ್ವಾಸವನ್ನು ಅಪ್ಪಿಕೊಂಡ ಚಿಂತಕರು.

ಈ ಪರಂಪರೆಗೆ ನಮ್ಮ ನೆಲದ ಕೊಡುಗೆಯೂ ಸಣ್ಣದಲ್ಲ. ಇದೇ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಜನಿಸಿದ ಬಸವಣ್ಣನವರು ಮತ್ತು ಅವರ ಸಂಗಾತಿ ಶರಣರು ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಕೊಟ್ಟರು. ದುಡಿಮೆಯಿಂದ ಬಂದುದನ್ನು ಹಂಚಿಕೊಳ್ಳುವುದು ದಾನಿಯ ದೊಡ್ಡಸ್ತಿಕೆಯಲ್ಲ, ಸೇವಕನ ವಿನಯ ಎಂಬುದು ದಾಸೋಹದ ಅರ್ಥ. ಹಂಚುವವನ ಮನೋಭಾವವನ್ನೇ ತಿದ್ದುವ ಈ ಕಲ್ಪನೆ ಸದ್ಗುಣ ನೀತಿಯ ಅತ್ಯುತ್ತಮ ರೂಪಗಳಲ್ಲಿ ಒಂದು.

ಹಾಗಿದ್ದರೂ ಗುಣವೊಂದೇ ಸಾಲದು ಎಂಬುದಕ್ಕೆ ರಿಚರ್ಡ್ ಟೆಂಪಲ್ಲನ ಬಾಳೇ ನಿದರ್ಶನ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಪರಿಹಾರದ ಹೊಣೆ ಹೊತ್ತವನು ಇದೇ ಟೆಂಪಲ್. ಆಗ ಬರ್ಮಾದಿಂದ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ತರಿಸಲಾಯಿತು, ಅರವತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಖರ್ಚಾಯಿತು, ಹಸಿವಿನಿಂದ ಸತ್ತವರು ಅತಿ ವಿರಳ. ಬ್ರಿಟಿಷ್ ಭಾರತದ ಬರ ಪರಿಹಾರಗಳಲ್ಲಿಯೇ ಅದು ಅತ್ಯಂತ ಯಶಸ್ವಿಯಾದುದು. ಆದರೆ ಆತನಿಗೆ ದೊರೆತದ್ದು ಹೊಗಳಿಕೆಯಲ್ಲ, ದುಂದುವೆಚ್ಚದ ಆರೋಪ. ಮೂರು ವರ್ಷಗಳ ಬಳಿಕ ಅದೇ ಕೈ ದಕ್ಷಿಣದ ಕೂಲಿಯನ್ನು ಒಂದು ಪೌಂಡಿಗೆ ಇಳಿಸಿತು. ಆತನು ಅದನ್ನು ಮಿತವ್ಯಯವೆಂದು, ವಿವೇಕವೆಂದು ಕರೆದನು. ಅವಗುಣಕ್ಕೂ ಸದ್ಗುಣದ ಹೆಸರು ಒಪ್ಪುತ್ತದೆ ಎಂಬುದು ಈ ಸಿದ್ಧಾಂತದ ಮೊದಲ ತೊಡಕು. ಒಳ್ಳೆಯದನ್ನು ಮಾಡಿದವನನ್ನು ದಂಡಿಸುವ ವ್ಯವಸ್ಥೆಯಲ್ಲಿ ಒಳ್ಳೆಯತನ ಬಹುಕಾಲ ಉಳಿಯದು ಎಂಬುದು ಎರಡನೆಯದು.

ಮೂರನೆಯ ತೊಡಕೂ ಒಂದಿದೆ. ವ್ಯಕ್ತಿಯ ಕರುಣೆ ಕೈಗೆಟುಕುವಷ್ಟು ದೂರ ಮಾತ್ರ ಹೋಗುತ್ತದೆ. ಊರಿನ ಗೌಡನ ಹಗೇವು ಬರಿದಾದ ಮೇಲೆ ಗೌಡನ ಔದಾರ್ಯದಿಂದ ಜೋಳ ಹುಟ್ಟುವುದಿಲ್ಲ. ಜಾತಿಯ ಗೋಡೆಯ ಆಚೆಗಿನ ಹಟ್ಟಿಗೆ ಆ ಔದಾರ್ಯ ತಲುಪುವುದು ಇನ್ನೂ ಅಪರೂಪ.

ಹಸಿದವನ ಹಕ್ಕು

ಇದೇ ಅಕ್ವಿನಾಸರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ಅದು ನಿಸರ್ಗ ನಿಯಮದ ನೀತಿ. ಭೂಮಿಯ ಫಲಗಳು ಮೂಲತಃ ಎಲ್ಲ ಮಾನವರ ಪೋಷಣೆಗಾಗಿ ದೇವರು ಕೊಟ್ಟವು. ಸ್ವಂತ ಆಸ್ತಿ ಎಂಬುದು ಅವುಗಳ ಸುವ್ಯವಸ್ಥಿತ ಬಳಕೆಗೆ ಮನುಷ್ಯರು ಮಾಡಿಕೊಂಡ ಏರ್ಪಾಟು. ಆದುದರಿಂದ ಬೇರೆ ದಾರಿಯೇ ಇಲ್ಲದ ಪ್ರಾಣಸಂಕಟದಲ್ಲಿ ಇರುವವನು ಇನ್ನೊಬ್ಬನ ಧಾನ್ಯವನ್ನು ತೆಗೆದುಕೊಂಡರೆ ಅದು ಕಳವಾಗದು ಎಂದು ಅವರು ಸ್ಪಷ್ಟವಾಗಿ ಬರೆದರು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಈ ಬೋಧನೆಯನ್ನು ಪುನರುಚ್ಚರಿಸಿತು. 1877ರಲ್ಲಿ ದಖನ್ನಿನ ಜಿಲ್ಲೆಗಳಲ್ಲಿ ಧಾನ್ಯದ ಕಳವು, ದರೋಡೆಗಳು ಹೆಚ್ಚಿ ಜೈಲುಗಳು ತುಂಬಿದವು. ಕಾನೂನಿನ ಕಣ್ಣಿಗೆ ಅವರು ಕಳ್ಳರು. ಅಕ್ವಿನಾಸರ ಕಣ್ಣಿಗೆ ಅವರಲ್ಲಿ ಅನೇಕರು ಕಳ್ಳರಲ್ಲ.

ಈ ಸಿದ್ಧಾಂತದ ಹಿರಿಮೆಯೆಂದರೆ ಅದು ಹಸಿದವನನ್ನು ಭಿಕ್ಷುಕನ ಸ್ಥಾನದಿಂದ ಹಕ್ಕುದಾರನ ಸ್ಥಾನಕ್ಕೆ ಏರಿಸುತ್ತದೆ. ಅದರ ಕುಂದು ನಿಸರ್ಗ ಎಂಬ ಮಾತಿನ ಸಡಿಲತೆಯಲ್ಲಿದೆ. ಬರಗಾಲವು ಜನಸಂಖ್ಯೆಗೆ ನಿಸರ್ಗವೇ ಹಾಕುವ ಕಡಿವಾಣ ಎಂದ ಮಾಲ್ಥಸನೂ ನಿಸರ್ಗದ ಹೆಸರನ್ನೇ ಹೇಳಿದನು. ಮೇಲುಕೀಳುಗಳನ್ನು ನಿಸರ್ಗಸಹಜವೆಂದು ಸಮರ್ಥಿಸಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಪ್ರಾಣಸಂಕಟ ಯಾವುದು, ಯಾರು ನಿರ್ಣಯಿಸಬೇಕು ಎಂಬುದಕ್ಕೂ ಸ್ಪಷ್ಟ ಉತ್ತರವಿಲ್ಲ.

ಇಪ್ಪತ್ತನೆಯ ಶತಮಾನದ ನ್ಯಾಯಚಿಂತನೆ ಈ ಕೊರತೆಯನ್ನು ತುಂಬಲು ಯತ್ನಿಸಿತು. ಜಾನ್ ರಾಲ್ಸ್ 1971ರಲ್ಲಿ ಒಂದು ಸರಳ ಪರೀಕ್ಷೆಯನ್ನು ಮುಂದಿಟ್ಟನು. ನಾನು ಯಾರಾಗಿ ಹುಟ್ಟುವೆನೆಂದು ನನಗೇ ತಿಳಿಯದಿದ್ದರೆ ಎಂತಹ ನಿಯಮಗಳನ್ನು ಒಪ್ಪುವೆನು? ವೈಸರಾಯನಾಗಿಯೋ, ಕಲಾದಗಿಯ ಕೂಲಿಯವಳಾಗಿಯೋ ತಿಳಿಯದೆ ಕುಳಿತವನು ಒಂದು ಪೌಂಡಿನ ಕೂಲಿಗೆ ಸಹಿ ಹಾಕಲಾರನು. ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ, ಬರಗಾಲದ ಸಾವಿಗೆ ಆಹಾರದ ಅಭಾವಕ್ಕಿಂತ ಆಹಾರವನ್ನು ಪಡೆಯುವ ಅಧಿಕಾರ ಕಳೆದುಹೋಗುವುದೇ ಹೆಚ್ಚಿನ ವೇಳೆ ಕಾರಣವೆಂದು ತೋರಿಸಿದರು. ಗುಳೇದಗುಡ್ಡದ ಖಣ ನೇಯುವವರನ್ನು ನೆನೆದರೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ಬರ ಬಂದಾಗ ಜನರು ಮೊದಲು ನಿಲ್ಲಿಸುವುದು ಬಟ್ಟೆಯ ಖರೀದಿ. ಪೇಟೆಯಲ್ಲಿ ಜೋಳದ ಚೀಲಗಳಿದ್ದರೂ ಮಗ್ಗ ನಿಂತ ನೇಕಾರನಿಗೆ ಅದು ದಕ್ಕದು.

ಧರ್ಮಸಭೆಗೂ ಇದೇ ಪರೀಕ್ಷೆ

ಇದುವರೆಗೆ ಸರಕಾರವನ್ನು ತೂಗಿದ ತಕ್ಕಡಿಯಲ್ಲಿ ನಾವೂ ಕುಳಿತುಕೊಳ್ಳಬೇಕು. ಆ ಬರಗಾಲದಲ್ಲಿ ಮಿಶನರಿಗಳು ಕಥೋಲಿಕ, ಪ್ರೊಟೆಸ್ಟೆಂಟ್ ಎಂಬ ಭೇದವಿಲ್ಲದೆ ಗಂಜಿ ಕಾಯಿಸಿದರು, ಅನಾಥ ಮಕ್ಕಳನ್ನು ಸಾಕಿದರು. ಕಲಾದಗಿ ಜಿಲ್ಲೆಯ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ 1851ರಿಂದಲೇ ನೆಲೆಸಿತ್ತು. ವಿಜಯಪುರಕ್ಕೆ ಅದು ಬಂದುದು 1885ರಲ್ಲಿ. ಈ ಸೇವೆಯನ್ನು ಯಾರೂ ಕಡೆಗಣಿಸಲಾರರು. ಆದರೆ ಹಸಿದವನ ಮುಂದೆ ಅನ್ನದ ಜೊತೆಗೆ ಧರ್ಮವನ್ನೂ ಇಟ್ಟರೆ ಅವನ ಆಯ್ಕೆ ಸ್ವತಂತ್ರವಾದುದೇ ಎಂಬ ಪ್ರಶ್ನೆಯನ್ನು ಅಂದೂ ಕೇಳಲಾಯಿತು, ಇಂದೂ ಕೇಳಲಾಗುತ್ತಿದೆ. ಅದನ್ನು ವೈರಿಗಳ ಪ್ರಶ್ನೆ ಎಂದು ತಳ್ಳಿಬಿಡುವುದು ಸರಿಯಲ್ಲ. ಮನುಷ್ಯನನ್ನು ಸಾಧನವಾಗಿ ಬಳಸಕೂಡದೆಂಬ ನಿಯಮ ಸಭೆಯ ಬೆಳವಣಿಗೆಗೂ ಅನ್ವಯಿಸುತ್ತದೆ.

ನೆರೆಯ ತೆಲುಗು ಸೀಮೆಯ ಒಂಗೋಲಿನಲ್ಲಿದ್ದ ಜಾನ್ ಕ್ಲಫ್ ಎಂಬ ಅಮೆರಿಕದ ಬ್ಯಾಪ್ಟಿಸ್ಟ್ ಮಿಶನರಿಯ ನಡತೆ ಈ ದೃಷ್ಟಿಯಿಂದ ಗಮನಾರ್ಹ. ಬರ ಪರಿಹಾರಕ್ಕೆಂದು ಬಕಿಂಗ್‌ಹ್ಯಾಮ್ ಕಾಲುವೆಯ ಮೂರು ಮೈಲಿಗೂ ಹೆಚ್ಚಿನ ಭಾಗವನ್ನು ಅಗೆಯುವ ಗುತ್ತಿಗೆಯನ್ನು ಆತನೇ ವಹಿಸಿಕೊಂಡು ಸಾವಿರಾರು ಜನರಿಗೆ ಕೂಲಿ ಒದಗಿಸಿದನು. ದೀಕ್ಷಾಸ್ನಾನ ಕೇಳಿಕೊಂಡು ಬಂದವರು ಬಹಳ. ಅನ್ನದ ಆಸೆ ಬೆರೆತಿರಬಹುದೆಂಬ ಶಂಕೆಯಿಂದ ಬರ ಪರಿಹಾರ ನಡೆದಷ್ಟು ಕಾಲ ಆತನು ದೀಕ್ಷಾಸ್ನಾನವನ್ನೇ ನಿಲ್ಲಿಸಿದನು. ಪರಿಹಾರ ಮುಗಿದ ಮೇಲೂ ಜನರು ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಬಹುಪಾಲು ಮಾದಿಗ ಸಮುದಾಯದವರು. ಹಸಿವಿನ ನೆನಪು ಅಷ್ಟು ಬೇಗ ಅಳಿಯುತ್ತದೆಯೇ, ಕಾಯುವುದರಿಂದ ಎಲ್ಲ ಸಂದೇಹವೂ ತೀರಿತೇ ಎಂದು ಕೇಳಬಹುದು. ಜಾತಿಯ ತುಳಿತದಿಂದ ಬಿಡುಗಡೆ ಬಯಸಿದವರ ಆಯ್ಕೆಯನ್ನು ಕೇವಲ ಗಂಜಿಯ ಆಸೆ ಎಂದು ಹೇಳುವುದೂ ಅವರ ಘನತೆಗೆ ಕುಂದು. ಆದರೆ ಕಾಯಬೇಕೆಂದು ಕ್ಲಫ್‌ಗೆ ಹೊಳೆದುದು ಮುಖ್ಯ. ಅನ್ನಕ್ಕೂ ವಿಶ್ವಾಸಕ್ಕೂ ನಡುವೆ ಒಂದು ಅಂತರವಿರಬೇಕೆಂದು ಆತನು ಬಗೆದನು.

ಆದಿಕಾಂಡದ ಜೋಸೆಫನ ಕಥೆಯಲ್ಲಿಯೂ ಇಂತಹ ಎಚ್ಚರಿಕೆ ಅಡಗಿದೆ. ಏಳು ವರ್ಷಗಳ ಸುಭಿಕ್ಷದಲ್ಲಿ ಧಾನ್ಯ ಕೂಡಿಟ್ಟು ಈಜಿಪ್ಟನ್ನು ಉಳಿಸಿದ ಜೋಸೆಫನನ್ನು ನಾವು ಕೊಂಡಾಡುತ್ತೇವೆ. ಆದರೆ ಅದೇ ಧಾನ್ಯಕ್ಕೆ ಪ್ರತಿಯಾಗಿ ಜನರ ದನಗಳು, ಹೊಲಗಳು, ಕೊನೆಗೆ ಅವರ ಸ್ವಾತಂತ್ರ್ಯವೂ ಫರೋಹನ ಪಾಲಾದುದನ್ನು ನಲವತ್ತೇಳನೆಯ ಅಧ್ಯಾಯ ಮರೆಮಾಚದೆ ಹೇಳುತ್ತದೆ. ಪರಿಣಾಮದ ಲೆಕ್ಕದಲ್ಲಿ ಅದು ಯಶಸ್ಸು. ಘನತೆಯ ಲೆಕ್ಕದಲ್ಲಿ ಪ್ರಶ್ನೆ ಉಳಿಯುತ್ತದೆ.

ಸಿದ್ಧಾಂತಗಳನ್ನು ಬೆಸೆಯುವ ಬಗೆ

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಆಯೋಗವು 1880ರಲ್ಲಿ ವರದಿ ಕೊಟ್ಟಿತು. ಬರದಲ್ಲಿ ಪ್ರಜೆಗಳನ್ನು ಉಳಿಸುವುದು ಸರಕಾರದ ಹೊಣೆ ಎಂದು ಅದು ಒಪ್ಪಿತು. ಅದರ ಆಧಾರದಿಂದ ಬರ ಸಂಹಿತೆಗಳು ಬಂದವು. ಬರದ ಲಕ್ಷಣಗಳನ್ನು ಮೊದಲೇ ಗುರುತಿಸುವುದು, ಕಾಮಗಾರಿಗಳ ಪಟ್ಟಿಯನ್ನು ಸಿದ್ಧವಾಗಿಡುವುದು, ದುಡಿಯಲಾರದ ವೃದ್ಧರಿಗೂ ರೋಗಿಗಳಿಗೂ ಕೆಲಸವಿಲ್ಲದೆಯೇ ನೆರವು ನೀಡುವುದು ನಿಯಮವಾಯಿತು. ಗದಗ-ಹೋಟಗಿ ರೈಲುಮಾರ್ಗವು ಬರಕ್ಕೆ ಧಾನ್ಯ ಸಾಗಿಸುವ ಉದ್ದೇಶದಿಂದಲೇ ವಿಜಯಪುರದ ಮೂಲಕ ಹಾದುಬಂತು. ಆದರೂ ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ಹಳೆಯ ನಂಬಿಕೆ ಹಾಗೆಯೇ ಉಳಿಯಿತು. 1896-97 ಮತ್ತು 1899-1900ರಲ್ಲಿ ಲಕ್ಷಾಂತರ ಜನರು ಮತ್ತೆ ಸತ್ತರು. ನಿಯಮವಿದ್ದರೂ ಅದನ್ನು ಕೇಳಿ ಪಡೆಯುವ ಅಧಿಕಾರ ಜನರ ಕೈಯಲ್ಲಿರಲಿಲ್ಲ. 1977ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲವೂ 2005ರಲ್ಲಿ ಭಾರತದ ಸಂಸತ್ತೂ ಗ್ರಾಮೀಣ ಕೂಲಿಕಾರರಿಗೆ ಉದ್ಯೋಗವನ್ನು ಕಾನೂನಿನ ಹಕ್ಕಾಗಿ ಘೋಷಿಸಿದಾಗ, 1877ರಲ್ಲಿ ಕೆಲಸ ಬಿಟ್ಟು ನಡೆದವರ ಬೇಡಿಕೆಗೆ ತಡವಾಗಿ ಉತ್ತರ ದೊರೆಯಿತು ಎನ್ನಬಹುದು.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಯಾವ ಸಿದ್ಧಾಂತವೂ ಸುಳ್ಳಲ್ಲ, ಯಾವುದೂ ಒಂಟಿಯಾಗಿ ಸಾಲದು. ಆದರೆ ಎಲ್ಲವನ್ನೂ ಕಲಸಿ ಮಿಶ್ರಣ ಮಾಡಿದರೆ ಸಾಕೆಂದೂ ಅಲ್ಲ. ಅವುಗಳಿಗೊಂದು ಕ್ರಮ ಬೇಕು. ಮೊದಲು ವ್ಯಕ್ತಿಯ ಘನತೆ: ಅದನ್ನು ಮೀರಿ ಯಾವ ಲೆಕ್ಕವೂ ಸಲ್ಲದು. ಆ ಎಲ್ಲೆಯೊಳಗೆ ಪರಿಣಾಮದ ಲೆಕ್ಕ ಬೇಕೇ ಬೇಕು, ಏಕೆಂದರೆ ಲೆಕ್ಕ ತಪ್ಪಿದ ಕರುಣೆಯಿಂದಲೂ ಜನರು ಸಾಯುತ್ತಾರೆ. ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಲು, ಮೇಲಿನವರ ಮುನಿಸಿಗೆ ಅಂಜದೆ ಹೇಳಲು ಕಾರ್ನಿಷನಂತಹ ಗುಣವಂತರು ಬೇಕು. ಗುಣವಂತರು ಸಿಗದ ದಿನವೂ ಹಸಿದವನು ಉಳಿಯುವಂತೆ ಹಕ್ಕು ಮತ್ತು ಕಾನೂನು ಬೇಕು. ಇವೆಲ್ಲಕ್ಕೂ ಮುನ್ನ, ಯಾರಿಗಾಗಿ ಈ ಚರ್ಚೆಯೋ ಅವರ ಮಾತನ್ನು ಕೇಳಬೇಕು. 1877ರಲ್ಲಿ ಕೊರತೆಯಾದದ್ದು ಇದೇ. ಕಡತಗಳಲ್ಲಿ ಹಸಿದವರ ತೂಕ, ಕೂಲಿ, ಸಂಖ್ಯೆ ಎಲ್ಲವೂ ಇದ್ದವು. ಅವರ ಮಾತು ಮಾತ್ರ ಇರಲಿಲ್ಲ.

ಇದು ಹಳೆಯ ಕಥೆಯೆಂದು ಮುಚ್ಚಿಡುವಂತಿಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಮುಳವಾಡ ಏತ ನೀರಾವರಿಯ ಮೂಲಕ ವಿಜಯಪುರ ಜಿಲ್ಲೆಯ ಒಣಭೂಮಿಗೆ ಕೃಷ್ಣೆಯ ನೀರು ಬಂದಿದೆ. ಬರಕ್ಕೆ ಹೆಸರಾದ ನೆಲದಲ್ಲಿ ಕೆರೆಗಳು ತುಂಬುವುದನ್ನು ಕಂಡು ಸಂತೋಷಪಡದವರು ಯಾರು? ಆದರೆ ಅದೇ ನೀರಿನ ಕೆಳಗೆ ಬಾಗಲಕೋಟೆಯ ಹಳೆಯ ಓಣಿಗಳೂ ಅನೇಕ ಹಳ್ಳಿಗಳೂ ಇವೆ. ಬಹುಜನರ ಹಿತ ಎಂಬ ಲೆಕ್ಕ ಇಲ್ಲಿ ಸರಿಯಾಗಿಯೇ ಇರಬಹುದು. ಮನೆ ಕಳೆದುಕೊಂಡವರಿಗೆ ಸಲ್ಲಬೇಕಾದುದು ಸಂದಿತೇ ಎಂಬುದನ್ನು ಆ ಲೆಕ್ಕದಿಂದ ಹೊರಗಿಟ್ಟರೆ ನಾವು ಮತ್ತೆ ಕಾಯಫನ ತಕ್ಕಡಿಯನ್ನೇ ಹಿಡಿದಂತಾಗುತ್ತದೆ.

ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮತಿಯನ್ನು ಬರ ಕಾಮಗಾರಿಯ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕು. ಇಡೀ ದಿನ ಕೂಲಿಗಾಗಿ ಕಾದು, ಸಂಜೆ ಒಂದು ಗಂಟೆ ಮಾತ್ರ ದುಡಿದವನಿಗೂ ತೋಟದ ಯಜಮಾನ ಪೂರ್ಣ ದಿನದ ಕೂಲಿ ಕೊಡುತ್ತಾನೆ. ದುಡಿಮೆಯ ಅಳತೆಯಲ್ಲಿ ಅದು ಅನ್ಯಾಯವೆಂದು ಇತರರು ಗೊಣಗುತ್ತಾರೆ. ಆದರೆ ಒಂದು ಗಂಟೆ ದುಡಿದವನ ಮನೆಯಲ್ಲಿಯೂ ಹಸಿವು ಇಡೀ ದಿನದ್ದೇ. ತಿಕೋಟಾ ಸೀಮೆಯ ದ್ರಾಕ್ಷಿತೋಟಗಳಲ್ಲಿ ಇಂದು ಕೂಲಿಗೆ ನಿಲ್ಲುವವರಿಗೆ, ನಮ್ಮ ಸಂಸ್ಥೆಗಳ ಅಡುಗೆಮನೆ, ಅಂಗಳ, ತೋಟಗಳಲ್ಲಿ ದುಡಿಯುವವರಿಗೆ ಯಾವ ಅಳತೆಯಿಂದ ಕೊಡುತ್ತಿದ್ದೇವೆ ಎಂದು ಪ್ರತಿಯೊಂದು ಧರ್ಮಕೇಂದ್ರವೂ ಕೇಳಿಕೊಳ್ಳುವುದಾದರೆ, ನೀತಿಶಾಸ್ತ್ರದ ಈ ಚರ್ಚೆ ಪುಸ್ತಕದಿಂದ ಇಳಿದು ಬದುಕಿಗೆ ಬರುತ್ತದೆ.